ಕಡಲು ಕೈಮುಗಿದಾಗ ಬಾಣ ಎಲ್ಲಿ ಬಿತ್ತು?

ಹೋದ ತಿಂಗಳು ಊರಿಗೆ ಹೋದಾಗ ಮನೆಗೆ ಸುಣ್ಣ ಹೊಡಿಸುವ ಕೆಲಸ ನಡೆದಿತ್ತು. ಪಡಸಾಲೆಯ ಗೋಡೆ ಮೇಲಿದ್ದ ಫೋಟೋಗಳನ್ನೆಲ್ಲ ಇಳಿಸಿ ಹೊರಸಿನ ಮೇಲೆ ಸಾಲಾಗಿ ಇಟ್ಟಿದ್ದರು. ಅಂಬಾದೇವಿ, ಬಸವಣ್ಣ, ನಮ್ಮ ಮುತ್ತಜ್ಜ, ಯಾವುದೋ ಗೊಬ್ಬರದ ಅಂಗಡಿಯವರು ಕೊಟ್ಟ ಲಕ್ಷ್ಮಿ... ಇವುಗಳ ನಡುವೆ ಗಾಜಿನೊಳಗೆ ಹೊಗೆ ಹಿಡಿದು ಅರ್ಧ ಕಪ್ಪಾಗಿದ್ದ ಇನ್ನೊಂದು ಚಿತ್ರ. ಬಂಡೆಯ ಮೇಲೆ ಬಿಲ್ಲು ಹಿಡಿದು ನಿಂತ ರಾಮ, ಎದುರಿಗೆ ಉಕ್ಕುತ್ತಿರುವ ಸಮುದ್ರ, ಮೇಲೆ ಕರಿ ಮೋಡ, ಮಿಂಚು. ಅಲೆಗಳ ನಡುವಿನಿಂದ ಎದ್ದು ಬಂದು ಬೇಡಿಕೊಳ್ಳುತ್ತಿರುವ ಸಮುದ್ರರಾಜ.

ಚಿಕ್ಕವನಿದ್ದಾಗ ನಾನು ಕಂಡ ಮೊದಲ ಸಮುದ್ರ ಇದೇ!

ವಳಕಮದಿನ್ನಿಯಿಂದ ಯಾವ ದಿಕ್ಕಿಗೆ ಹೊರಟರೂ ನಿಜವಾದ ಸಮುದ್ರ ಮುಟ್ಟಲು ಒಂದಿಡೀ ರಾತ್ರಿಯ ಪ್ರಯಾಣ ಬೇಕು. ನಮಗೆ ನೀರು ಅಂದರೆ ಹಳ್ಳ, ಬೋರು, ಬಂದರೆ ಕಾಲುವೆ. ಒಮ್ಮೆ ಅಜ್ಜನನ್ನು ಕೇಳಿದ್ದೆ, "ಅಜ್ಜಾ, ನೀ ಸಮುದ್ರ ನೋಡಿಯೇನು?" ಅಂತ. "ನಾ ಎಲ್ಲಿ ನೋಡ್ಲಿ ತಮ್ಮಾ, ಈ ಫೋಟೋದಾಗಿಂದಷ್ಟ ನೋಡೀನಿ" ಅಂದಿದ್ದ. ಹೀಗಾಗಿ ನಮ್ಮ ಮನೆಯಲ್ಲಿ ಎರಡು ತಲೆಮಾರಿಗೆ ಸಮುದ್ರ ಅಂದರೆ ಯಾವಾಗಲೂ ಬಿರುಗಾಳಿಯದ್ದು, ಯಾವಾಗಲೂ ಹೆದರಿದ್ದು. ಇಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ಮೊದಲ ಸಲ ಗೋಕರ್ಣದ ದಂಡೆಯಲ್ಲಿ ನಿಂತಾಗ ನನಗೆ ಆದದ್ದು ನಿಜವಾಗಿ ನಿರಾಸೆ. ಶಾಂತವಾಗಿತ್ತು. ಯಾರ ಮುಂದೆಯೂ ಕೈಮುಗಿಯುವ ಲಕ್ಷಣ ಕಾಣಲಿಲ್ಲ :)

ಈ ಸಲ ಆ ಚಿತ್ರವನ್ನು ಒರೆಸಿ ತುಂಬಾ ಹೊತ್ತು ನೋಡಿದೆ. ಬೆಂಗಳೂರಿಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಅದರ ಬಗ್ಗೆ ಓದಿದ್ದು, ಅನಿಸಿದ್ದು ಎಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಚಹಾ ಮಾಡಿಕೊಂಡು ಬಂದು ಓದಿ.

*

ಚಿತ್ರ ರಾಜಾ ರವಿವರ್ಮನದ್ದು. ಸಮುದ್ರದ ಗರ್ವ ಇಳಿಸುವ ರಾಮನ ಈ ಚಿತ್ರವನ್ನು ಅವನು ಬರೆದದ್ದು 1906ರ ಹೊತ್ತಿಗೆ, ಮೈಸೂರು ಅರಮನೆಗಾಗಿ ಒಪ್ಪಿಕೊಂಡಿದ್ದ ಪೌರಾಣಿಕ ಚಿತ್ರಗಳ ಸಾಲಿನಲ್ಲಿ. ಮೈಸೂರು ಅವನಿಗೆ ಹೊಸದಲ್ಲ. 1885ರಲ್ಲೇ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಬಂದು ರಾಜಮನೆತನದವರ ಭಾವಚಿತ್ರ ಬರೆದು ಹೋಗಿದ್ದ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಈ ನಡುವಿನ ವರ್ಷಗಳಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮತ್ತೆ ರವಿವರ್ಮನಿಗೆ ಕರೆ ಹೋಯಿತು.

ಆಗ ಅವನಿಗೆ ಅರವತ್ತು ಹತ್ತಿರವಾಗುತ್ತಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಎಲ್ಲಕ್ಕಿಂತ ದೊಡ್ಡ ಪೆಟ್ಟು 1905ರ ಜನವರಿಯಲ್ಲಿ ಬಿತ್ತು: ತಮ್ಮ ಸಿ. ರಾಜರಾಜವರ್ಮ ತೀರಿಕೊಂಡ. ಅವನ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ, ನಾನಂತೂ ಕೇಳಿರಲಿಲ್ಲ. ರವಿವರ್ಮನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅಣ್ಣನ ಜೊತೆ ದೇಶ ಸುತ್ತಿದವನು, ಅಣ್ಣನ ವ್ಯವಹಾರ ನೋಡಿಕೊಂಡವನು, ಇಬ್ಬರ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆದಿಟ್ಟವನು. ತಾನೂ ಚಿತ್ರಕಾರ. ಅವನ ಕೈ ಪಳಗಿದ್ದು ನಿಸರ್ಗ ಚಿತ್ರಗಳಲ್ಲಿ. ಅಣ್ಣನ ಎಷ್ಟೋ ಚಿತ್ರಗಳಲ್ಲಿ ಹಿನ್ನೆಲೆಯ ಕೆಲಸದಲ್ಲಿ ಅವನ ಕೈ ಇತ್ತು. ಸರಳವಾಗಿ ಹೇಳಬೇಕೆಂದರೆ ಮುಂದಿನ ಮನುಷ್ಯರು ಅಣ್ಣನ ಪಾಲಾದರೆ ಹಿಂದಿನ ಆಕಾಶ ತಮ್ಮನ ಪಾಲು.

ಈಗ ಚಿತ್ರವನ್ನು ಮತ್ತೊಮ್ಮೆ ನೋಡಿ. ಇದರಲ್ಲಿ ಹಿನ್ನೆಲೆ ಅನ್ನುವುದೇ ಇಲ್ಲ. ಸಮುದ್ರವೇ ಕಥೆ, ಆಕಾಶವೇ ಕಥೆ. ಹಿನ್ನೆಲೆ ಬರೆಯುತ್ತಿದ್ದ ತಮ್ಮ ಹೋದ ಮೇಲೆ ಅಣ್ಣ ಕೈಗೆತ್ತಿಕೊಂಡ ಚಿತ್ರಗಳಲ್ಲಿ ಇಂಥದ್ದೊಂದು ಇದೆ ಅನ್ನುವುದು ನನ್ನನ್ನು ಹಿಡಿದು ನಿಲ್ಲಿಸಿತು. ತಮ್ಮನ ನೆನಪಿಗೇ ಇದನ್ನು ಬರೆದ ಅಂತ ನಾನು ಹೇಳುತ್ತಿಲ್ಲ. ವಿಷಯ ಆರಿಸುವುದರಲ್ಲಿ ದರಬಾರಿನವರ ಇಷ್ಟವೂ ಇರುತ್ತದಲ್ಲ. ಆದರೆ ಆ ಅಲೆಗಳನ್ನು ಬಳಿಯುವಾಗ ಪಕ್ಕದಲ್ಲಿ ತಮ್ಮ ಇರಲಿಲ್ಲ ಅನ್ನುವುದು ಗೊತ್ತಾದ ಮೇಲೆ ಚಿತ್ರ ಮೊದಲಿನ ಹಾಗೆ ಕಾಣುವುದಿಲ್ಲ. 1906ರ ಅಕ್ಟೋಬರ್ 2ರಂದು ರವಿವರ್ಮನೂ ಕಿಳಿಮಾನೂರಿನಲ್ಲಿ ತೀರಿಕೊಂಡ.

*

ಯುರೋಪಿನ ರೊಮ್ಯಾಂಟಿಕ್ ಚಿತ್ರಕಾರರಿಗೆ ಸಮುದ್ರದ ಹುಚ್ಚು. ಇದಕ್ಕೆ ತಾತ್ವಿಕ ತಳಪಾಯ ಹಾಕಿದವರಲ್ಲಿ ಎಡ್ಮಂಡ್ ಬರ್ಕ್ ಒಬ್ಬ. 1757ರಲ್ಲೇ ಅವನು ಬರೆದದ್ದರ ಸಾರ ಇಷ್ಟು: ಭಯ ಹುಟ್ಟಿಸುವ ದೊಡ್ಡ ವಸ್ತುವನ್ನು ಅಪಾಯವಿಲ್ಲದ ದೂರದಲ್ಲಿ ನಿಂತು ನೋಡಿದಾಗ ಭಯವೇ ಒಂದು ಬಗೆಯ ಸುಖವಾಗುತ್ತದೆ. ಮನೆಯೊಳಗೆ ಬೆಚ್ಚಗೆ ಕೂತು ಗುಡುಗು ಕೇಳಿದ ಹಾಗೆ.

ಇದರ ತುತ್ತತುದಿ ಅಂದರೆ ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1808ರಿಂದ 1810ರ ನಡುವೆ ಬರೆದ 'ಕಡಲ ದಂಡೆಯ ಸನ್ಯಾಸಿ'. ಈಗ ಬರ್ಲಿನ್ನಿನಲ್ಲಿದೆ. ಕೆಳಗೆ ಒಂದು ಪಟ್ಟಿ ಮರಳು, ಅದರ ಮೇಲೆ ಕಪ್ಪು ಸಮುದ್ರದ ಸಣ್ಣ ಪಟ್ಟಿ, ಉಳಿದದ್ದೆಲ್ಲ ಆಕಾಶ. ಮರಳಿನ ಮೇಲೆ ಇರುವೆಯಷ್ಟು ಒಬ್ಬ ಮನುಷ್ಯ, ನಮಗೆ ಬೆನ್ನು ಹಾಕಿ. ಮೊದಲು ಫ್ರೀಡ್ರಿಕ್ ಸಮುದ್ರದ ಮೇಲೆ ಹಡಗುಗಳನ್ನೂ ಹಾಕಿಕೊಂಡಿದ್ದನಂತೆ, ಆಮೇಲೆ ಬಿಟ್ಟುಬಿಟ್ಟ. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಬಣ್ಣದ ಕೆಳಗಿನ ಆ ಗೆರೆಗಳು ಕಂಡಿವೆ. (ಬೇಡದ್ದನ್ನು ಡಿಲೀಟ್ ಮಾಡುವುದೇ ಅರ್ಧ ಕೆಲಸ ಅಂತ ನಮ್ಮ ವೃತ್ತಿಯಲ್ಲೂ ಹೇಳುತ್ತೇವೆ.) ಕಣ್ಣಿಗೆ ಹಿಡಿದು ನಿಲ್ಲಲು ಏನೂ ಸಿಗದಿರುವುದೇ ಆ ಚಿತ್ರದ ಭಾವ. ಸನ್ಯಾಸಿ ಏನು ಕೇಳುತ್ತಿದ್ದಾನೋ, ಸಮುದ್ರ ಉತ್ತರ ಕೊಡುವುದಿಲ್ಲ.

ಸತ್ಯ ಹೇಳಬೇಕೆಂದರೆ ಆ ಚಿತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಎರೆ ಹೊಲದಲ್ಲಿ ಒಬ್ಬನೇ ನಿಂತರೆ ಅದೇ ಚಿತ್ರ! ಕೆಳಗೆ ಕಪ್ಪು ಪಟ್ಟಿ, ಮೇಲೆ ಪೂರ್ತಿ ಆಕಾಶ, ನಡುವೆ ಕಡ್ಡಿಯ ಹಾಗೆ ಒಬ್ಬ ಮನುಷ್ಯ ಮೋಡ ಹುಡುಕುತ್ತಾ ನಿಂತಿರುತ್ತಾನೆ. ಅಲ್ಲೂ ಉತ್ತರ ಬರುವುದಿಲ್ಲ.

ರವಿವರ್ಮನ ಚಿತ್ರ ಇದಕ್ಕೆ ತದ್ವಿರುದ್ಧ. ಎಣ್ಣೆಬಣ್ಣವನ್ನು ಅವನು ಅರಿತದ್ದು ಯುರೋಪಿನವರಿಂದಲೇ. 1868ರಲ್ಲಿ ತಿರುವಾಂಕೂರಿನ ಆಸ್ಥಾನಕ್ಕೆ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರ ಬಂದಿದ್ದಾಗ, ಅವನು ಕಲಿಸಲು ಒಪ್ಪದೆ ಬರೀ ನೋಡಲು ಬಿಟ್ಟನಂತೆ. ನೋಡಿಯೇ ಕಲಿತ. ಬಿರುಗಾಳಿ, ಮಿಂಚು, ನೊರೆ, ಬಂಡೆ... ಎಲ್ಲ ಅಲ್ಲಿಯವರದ್ದೇ ಸಾಮಾನು. ಆದರೆ ವ್ಯಾಕರಣ ನಮ್ಮದು. ಅಲ್ಲಿ ಸಮುದ್ರ ದೊಡ್ಡದು, ಮನುಷ್ಯ ಇರುವೆ. ಇಲ್ಲಿ ರಾಮ ದೊಡ್ಡವನು, ಸಮುದ್ರವೇ ಮನುಷ್ಯ ರೂಪ ತಾಳಿ ಅವನೆದುರು ಬೇಡುತ್ತದೆ. ಅಲ್ಲಿ ಸಮುದ್ರ ಮೂಕ, ಇಲ್ಲಿ ಸಮುದ್ರ ಮಾತಾಡುತ್ತದೆ.

ಹಾಗಾದರೆ ಆ ಬಿರುಗಾಳಿ ಯಾರದ್ದು? ನನ್ನ ಲೆಕ್ಕದಲ್ಲಿ ಅದು ಹವಾಮಾನದ್ದಲ್ಲ, ರಾಮನ ಸಿಟ್ಟಿನದು. ಮೋಡ ಅವನ ಹುಬ್ಬು, ಮಿಂಚು ಅವನ ಕಣ್ಣು. ಭರತನ ಲೆಕ್ಕದಲ್ಲಿ ಹೇಳುವುದಾದರೆ ಬಂಡೆಯ ಮೇಲೆ ರೌದ್ರ ಇದೆ, ನೀರಿನಲ್ಲಿ ಭಯಾನಕ ಇದೆ. ನಾಟ್ಯಶಾಸ್ತ್ರ ಇನ್ನೊಂದು ಮಾತೂ ಹೇಳುತ್ತದೆ: ರೌದ್ರದಿಂದ ಕರುಣ ಹುಟ್ಟುತ್ತದೆ, ಅಂದರೆ ಒಬ್ಬರ ಕ್ರೋಧದ ಫಲ ಇನ್ನೊಬ್ಬರ ಶೋಕ. ಈ ಚಿತ್ರದಲ್ಲಿ ಆ ಕರುಣ ಎಲ್ಲಿ? ಹುಡುಕಿದೆ. ಚೌಕಟ್ಟಿನೊಳಗೆ ಇಲ್ಲ.

*

ಚೌಕಟ್ಟಿನ ಹೊರಗೆ ಇದೆ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಇದೆ.

ಕಥೆ ನಿಮಗೆಲ್ಲ ಗೊತ್ತು. ಲಂಕೆಗೆ ಹೋಗಲು ದಾರಿ ಕೇಳಿ ರಾಮ ದರ್ಭೆಯ ಮೇಲೆ ಮೂರು ರಾತ್ರಿ ಮಲಗುತ್ತಾನೆ. ಸಮುದ್ರ ಬರುವುದಿಲ್ಲ. ಸಿಟ್ಟೆದ್ದು ಬಾಣಗಳನ್ನು ಬಿಡುತ್ತಾನೆ, ಕೊನೆಗೆ ಬ್ರಹ್ಮಾಸ್ತ್ರ ಹೂಡುತ್ತಾನೆ. ಆಗ ಸಮುದ್ರರಾಜ ಎದ್ದು ಬಂದು ಕೈಮುಗಿಯುತ್ತಾನೆ. ಆದರೆ ಅವನು ಬರೀ ಕ್ಷಮೆ ಕೇಳುವುದಿಲ್ಲ, ವಾದವನ್ನೂ ಮಾಡುತ್ತಾನೆ. ಭೂಮಿ, ಗಾಳಿ, ಆಕಾಶ, ನೀರು, ಬೆಳಕು ಇವಕ್ಕೆಲ್ಲ ಅವುಗಳದೇ ಸ್ವಭಾವ ಇದೆ, ಆಳವಾಗಿರುವುದು, ದಾಟಲಾಗದಂತಿರುವುದು ನನ್ನ ಸ್ವಭಾವ, ಆಸೆಗೋ ಭಯಕ್ಕೋ ನಾನು ಅದನ್ನು ಬಿಡಲಾಗದು, ಆದರೂ ದಾಟಲು ಅನುವು ಮಾಡಿಕೊಡುತ್ತೇನೆ ಅನ್ನುತ್ತಾನೆ. ರವಿವರ್ಮ ಹಿಡಿದಿರುವುದು ಈ ಗಳಿಗೆಯನ್ನು.

ಇಲ್ಲಿಗೆ ಕಥೆ ಮುಗಿಯಿತು, ಇನ್ನು ನಳ ಬಂದು ಸೇತುವೆ ಕಟ್ಟುತ್ತಾನೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ನಡುವೆ ಒಂದು ಸಣ್ಣ ಪ್ರಸಂಗ ಇದೆ. ಹೂಡಿದ ಬಾಣ ವ್ಯರ್ಥವಾಗುವಂತಿಲ್ಲ, ಇದನ್ನು ಎಲ್ಲಿ ಬಿಡಲಿ ಅಂತ ರಾಮ ಕೇಳುತ್ತಾನೆ. ಸಮುದ್ರ ಹೇಳುತ್ತಾನೆ: ಉತ್ತರಕ್ಕೆ ದ್ರುಮಕುಲ್ಯ ಅನ್ನುವ ಜಾಗ ಇದೆ. ಅಲ್ಲಿ ಆಭೀರರು ಮೊದಲಾದ ದಸ್ಯುಗಳು, ಪಾಪಿಗಳು, ನನ್ನ ನೀರು ಕುಡಿಯುತ್ತಾರೆ. ಅವರ ಸ್ಪರ್ಶ ನನಗೆ ಸಹಿಸಲಾಗುವುದಿಲ್ಲ. ಅಲ್ಲಿ ಬಿಡು. ರಾಮ ಬಿಡುತ್ತಾನೆ. ಆ ಪ್ರದೇಶ ಒಣಗಿ ಮರುಕಾಂತಾರ, ಅಂದರೆ ಮರುಭೂಮಿ ಆಗುತ್ತದೆ. ಬಾಣ ನಾಟಿದ ತೂತಿನಿಂದ ಪಾತಾಳದ ನೀರು ಚಿಮ್ಮಿ ಬಾವಿಯಾಗುತ್ತದೆ. ಆ ಬಾವಿಯ ಹೆಸರು 'ವ್ರಣ'. ಗಾಯ! ಆಮೇಲೆ ರಾಮ ಆ ನೆಲಕ್ಕೆ ವರವನ್ನೂ ಕೊಡುತ್ತಾನೆ: ದನಗಳಿಗೆ ಒಳ್ಳೆಯದಾಗಲಿ, ರೋಗ ಕಡಿಮೆಯಿರಲಿ, ಹಾಲು ತುಪ್ಪ ಜೇನು ಸಮೃದ್ಧವಾಗಿರಲಿ ಅಂತ.

ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಕಣ್ರೀ.

ಇಬ್ಬರು ದೊಡ್ಡವರು ಜಗಳವಾಡಿದರು, ರಾಜಿಯಾದರು. ಬಾಣ ಬಿದ್ದದ್ದು ಮಾತ್ರ ಆ ಜಗಳದಲ್ಲಿ ಇಲ್ಲದವರ ಮೇಲೆ. ಅವರ ತಪ್ಪು ಏನು? ನೀರು ಕುಡಿದದ್ದು, ಮುಟ್ಟಿದ್ದು. 'ಸ್ಪರ್ಶ ಸಹಿಸಲಾಗುವುದಿಲ್ಲ' ಅನ್ನುವ ಮಾತು ನಮ್ಮ ಊರುಗಳ ಬಾವಿಕಟ್ಟೆಯ ಹತ್ತಿರ ಬೆಳೆದ ಯಾರಿಗೂ ಅಪರಿಚಿತವಲ್ಲ. ವರ ಕೊಟ್ಟದ್ದೂ ನಿಜ. ಆದರೆ ಆ ವರದಲ್ಲಿ ದನ ಇದೆ, ಹಾಲಿದೆ, ಜೇನಿದೆ, ಅಲ್ಲಿ ಮೊದಲಿದ್ದ ಜನ ಏನಾದರು ಅನ್ನುವುದಿಲ್ಲ. ವಾಲ್ಮೀಕಿಯ ದೊಡ್ಡತನ ಏನೆಂದರೆ ಬಾಣ ಎಲ್ಲಿ ಬಿತ್ತು ಅನ್ನುವುದನ್ನು ಮುಚ್ಚಿಡಲಿಲ್ಲ, ಬಾವಿಗೆ ಗಾಯ ಅಂತಲೇ ಹೆಸರಿಟ್ಟ. ಚಿತ್ರದಲ್ಲಿ ಅದಕ್ಕೆ ಜಾಗ ಇಲ್ಲ. ಚಿತ್ರಕ್ಕೆ ಒಂದು ಗಳಿಗೆ ಅಷ್ಟೇ ಸಿಗುವುದು. ಯಾವ ಗಳಿಗೆ ಅನ್ನುವ ಆಯ್ಕೆಯಲ್ಲೇ ಅರ್ಥ ಕೂತಿರುತ್ತದೆ.

*

ಇದೇ ಪ್ರಶ್ನೆಯನ್ನು ಇನ್ನೊಂದು ಕಡಲ ಚಿತ್ರ ಬೇರೆ ರೀತಿ ಎದುರಿಸಿದೆ. ಇಂಗ್ಲೆಂಡಿನ ಟರ್ನರ್ ಗೊತ್ತಲ್ಲ? ಅವನು ಭಾರತಕ್ಕೆ ಬಂದವನಲ್ಲ, ಆದರೂ 1800ರ ಸುಮಾರಿಗೆ ಶ್ರೀರಂಗಪಟ್ಟಣದ ಮುತ್ತಿಗೆಯ ಜಲವರ್ಣ ಚಿತ್ರ ಬರೆದಿದ್ದ! ಅದೇ ಟರ್ನರ್ 1840ರಲ್ಲಿ ಪ್ರದರ್ಶಿಸಿದ ಚಿತ್ರವನ್ನು ಈಗ ಎಲ್ಲರೂ 'ಗುಲಾಮರ ಹಡಗು' ಅಂತಲೇ ಕರೆಯುತ್ತಾರೆ. ಮೊದಲ ನೋಟಕ್ಕೆ ಕೆಂಪು ಹಳದಿ ಬೆಂಕಿಯಂಥ ಸೂರ್ಯಾಸ್ತ, ಉಬ್ಬಿದ ಅಲೆ, ದೂರದಲ್ಲಿ ಒಂದು ಹಡಗು. ಕಣ್ಣು ಕೆಳಗಿಳಿದಾಗ ಎದೆ ಧಸಕ್ಕನ್ನುತ್ತದೆ. ನೀರಿನಲ್ಲಿ ಬೇಡಿ ಹಾಕಿದ ಕಾಲು, ಮುಳುಗುತ್ತಿರುವ ಕೈಗಳು, ಮುತ್ತಿದ ಮೀನುಗಳು. ಬಿರುಗಾಳಿ ಬರುವ ಮುಂಚೆ ಸತ್ತವರನ್ನೂ ಸಾಯುತ್ತಿರುವವರನ್ನೂ ಸಮುದ್ರಕ್ಕೆ ಎಸೆದಿದ್ದಾರೆ. 1781ರಲ್ಲಿ ಜಾಂಗ್ ಅನ್ನುವ ಹಡಗಿನಿಂದ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಹೀಗೆ ಎಸೆದು, ಆಮೇಲೆ ಸರಕು ನಷ್ಟವಾಯಿತು ಅಂತ ವಿಮೆಯ ಹಣ ಕೇಳಿದ್ದರು. ಈ ಚಿತ್ರವನ್ನು ಸಾಮಾನ್ಯವಾಗಿ ಆ ಘಟನೆಯ ಜೊತೆ ಜೋಡಿಸುತ್ತಾರೆ. ಹಾಗಂತ ಟರ್ನರ್ ಕೈ ಪೂರ್ತಿ ಶುದ್ಧವೇನಲ್ಲ. ಇದೇ ಟರ್ನರ್ 1805ರಲ್ಲಿ ಜಮೈಕಾದಲ್ಲಿ ಗುಲಾಮರ ದುಡಿಮೆಯ ಮೇಲೆ ನಡೆಯುವ ಜಾನುವಾರು ಫಾರಂ ಒಂದಕ್ಕೆ 100 ಪೌಂಡ್ ಹಾಕಿದ್ದ.

ವಿಮರ್ಶಕ ರಸ್ಕಿನ್ ಆ ಚಿತ್ರದ ಸಮುದ್ರವನ್ನು ಬಾಯಿ ತುಂಬ ಹೊಗಳಿ ಬರೆದ. 1844ರಲ್ಲಿ ಅವನ ಅಪ್ಪ ಅದನ್ನೇ ಕೊಂಡು ಹೊಸ ವರ್ಷದ ಉಡುಗೊರೆಯಾಗಿ ಕೊಟ್ಟ. ತಮಾಷೆ ಅಂದರೆ (ತಮಾಷೆ ಅನ್ನಬಾರದು) ಅಷ್ಟು ಹೊಗಳಿಕೆಯಲ್ಲಿ ಅದು ಗುಲಾಮರ ಹಡಗು, ನೀರಿನಲ್ಲಿರುವುದು ಹೆಣಗಳು ಅನ್ನುವ ವಿವರ ಹೋಗಿ ಸೇರಿದ್ದು ಅಡಿಟಿಪ್ಪಣಿಗೆ. ಭಾವಕ್ಕೆ ಪುಟಗಟ್ಟಲೆ ಜಾಗ, ಅರ್ಥಕ್ಕೆ ಒಂದು ಅಡಿಟಿಪ್ಪಣಿ! ವರ್ಷಗಳ ನಂತರ ರಸ್ಕಿನ್ ಅದನ್ನು ಮಾರಿಬಿಟ್ಟ. ಈಗ ಅದು ಅಮೆರಿಕದ ಬಾಸ್ಟನ್ನಿನಲ್ಲಿದೆ.

ಟರ್ನರ್ ಗಾಯವನ್ನು ಚೌಕಟ್ಟಿನೊಳಗೇ ಇಟ್ಟ, ನೋಡುವವರು ಅದನ್ನು ಅಡಿಟಿಪ್ಪಣಿ ಮಾಡಿದರು. ರವಿವರ್ಮ ಗಾಯವನ್ನು ಹೊರಗೆ ಬಿಟ್ಟ, ಅದನ್ನು ಒಳಗೆ ತರುವ ಕೆಲಸ ನೋಡುವವರಿಗೆ ಉಳಿಯಿತು. ಎರಡರಲ್ಲೂ ಕೊನೆಗೆ ಜವಾಬ್ದಾರಿ ನಮ್ಮದೇ ಅನ್ನಿಸುತ್ತದೆ. ಚಿತ್ರದ ಮುಂದೆ ನಿಂತು 'ಆಹಾ' ಅಂದ ಮೇಲೆ ಇನ್ನೂ ಎರಡು ನಿಮಿಷ ನಿಲ್ಲಬೇಕು.

*

ಇನ್ನೊಂದು ಸಂಗತಿ. ಈ ಚಿತ್ರ ಬಂದ ಕಾಲವನ್ನು ಗಮನಿಸಿ. ನೀರನ್ನು ಪಳಗಿಸುವ ಹುಮ್ಮಸ್ಸಿನ ಕಾಲ ಅದು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ ಹೋಯಿತು. ಮಾರಿಕಣಿವೆಯಲ್ಲಿ 1898ಕ್ಕೆ ಶುರುವಾದ ವಾಣಿವಿಲಾಸ ಸಾಗರ 1907ಕ್ಕೆ ಮುಗಿಯಿತು. 1911ಕ್ಕೆ ಕನ್ನಂಬಾಡಿ. ಸಮುದ್ರವೇ ಬಂದು ಕೈಮುಗಿಯುವ ಚಿತ್ರ ಆ ದರಬಾರಿಗೆ ಎಷ್ಟು ಒಪ್ಪುತ್ತಿತ್ತು! ಕಲಾವಿದ ಅದನ್ನು ಯೋಚಿಸಿ ಬರೆದ ಅಂತಲ್ಲ. ಆದರೆ ಕಾಲದ ಗಾಳಿ ಕ್ಯಾನ್ವಾಸಿಗೂ ಬೀಸುತ್ತದೆ.

ಆಗ ನಮ್ಮ ರಾಯಚೂರು ನಿಜಾಮನ ಕೈಯಲ್ಲಿತ್ತು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು 1860ರಲ್ಲೇ ಆರ್ಥರ್ ಕಾಟನ್ ತೆಗೆದಿದ್ದ. ಅಡಿಗಲ್ಲು ಬಿದ್ದದ್ದು 1945ರಲ್ಲಿ, ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಎಡದಂಡೆ ಕಾಲುವೆ ಸಿಂಧನೂರಿನ ಕಡೆಗೆ ಬಂದು ಜೋಳ ಬೆಳೆಯುವ ಎರೆ ಹೊಲಗಳು ಭತ್ತದ ಗದ್ದೆಗಳಾದವು. ನಮ್ಮ ಜಿಲ್ಲೆಯ ಮಟ್ಟಿಗೆ ಅದು ನಿಜವಾಗಿಯೂ ಸಮುದ್ರ ಕೈಮುಗಿದ ಗಳಿಗೆ. ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಬಾಣ? ಕಾಲುವೆಯ ತಲೆಯ ಕಡೆ ಎರಡು ಬೆಳೆ ಭತ್ತ, ಬಾಲದ ಕಡೆ ನೀರಿಗಾಗಿ ರಾತ್ರಿಯಿಡೀ ಕಾಯುವ ರೈತರು. 'ಟೇಲೆಂಡ್' ಅನ್ನುವ ಇಂಗ್ಲಿಷ್ ಶಬ್ದ ನಮ್ಮ ಕಡೆ ಓದು ಬಾರದ ಮುದುಕರಿಗೂ ಗೊತ್ತು. ಕಾಲುವೆ ಇಲ್ಲದ ಊರುಗಳ ಕಥೆ ಬೇರೆ. ಮಸ್ಕಿ ಭಾಗದ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರಿಂದ ತಿಂಗಳುಗಟ್ಟಲೆ ಧರಣಿ ಕೂತದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ನೀರು ಸಿಗದ ಕಡೆ ಬೋರು ಹೊಡೆಯುತ್ತಾರೆ. ನೆಲಕ್ಕೆ ಬಾಣ ನೆಟ್ಟ ಹಾಗೆ, ಪಾತಾಳದವರೆಗೆ. ನೀರು ಬಂದರೆ ಬಂತು, ಬಂದರೂ ಎಷ್ಟೋ ಕಡೆ ಫ್ಲೋರೈಡ್. ಬರದಿದ್ದರೆ ಸಾಲ. 'ವ್ರಣ' ಅನ್ನುವ ಹೆಸರಿನ ಬಾವಿ ನನಗೆ ಪುರಾಣ ಅನ್ನಿಸದೇ ಇದ್ದದ್ದು ಈ ಕಾರಣಕ್ಕೆ.

ನಾನು ಅಣೆಕಟ್ಟಿನ ವಿರೋಧಿಯಲ್ಲ. ಇಂಜಿನಿಯರಿಂಗ್ ಓದಿದವನು, ಕಾಲುವೆ ನೀರಿನಲ್ಲಿ ಬೆಳೆದ ಅನ್ನ ಉಂಡವನು. ಸೇತುವೆ ಬೇಡವಾಗಿತ್ತು ಅಂತಲೂ ಹೇಳುವುದಿಲ್ಲ, ಆಚೆ ದಡದಲ್ಲಿ ಸೀತೆ ಕಾಯುತ್ತಿದ್ದಳು. ಹೂಡಿದ ಬಾಣ ಎಲ್ಲಿ ಬೀಳುತ್ತದೆ, ಅಲ್ಲಿ ಯಾರಿದ್ದಾರೆ ಅಂತ ಒಮ್ಮೆ ಕೇಳಿಕೊಳ್ಳಬೇಕು ಅಂತಷ್ಟೇ.

ಊರಿಗೆ ಫೋನ್ ಮಾಡಿದಾಗ ಅಜ್ಜನಿಗೆ ಈ ದ್ರುಮಕುಲ್ಯದ ಕಥೆ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಡಿದ ಬಾಣ ಎಲ್ಲೆರ ಬೀಳಬೇಕಲ್ಲ ತಮ್ಮಾ. ಅದು ಯಾವಾಗ್ಲೂ ನಮ್ಮಂಥವರ ಹೊಲದಾಗ ಬೀಳ್ತದ" ಅಂದ. ಆಮೇಲೆ, "ಫೋಟೋ ಮತ್ತ ಅಲ್ಲೇ ಹಾಕೀವಿ, ಗ್ವಾಡಿಗೆ ಹಸಿರು ಬಣ್ಣ ಹಚ್ಚೀವಿ. ಛಲೋ ಕಾಣ್ತದ, ಬಂದು ನೋಡು" ಅಂದ.

ಹೋಗಬೇಕು. ಈ ಸಲ ರಾಮನನ್ನೂ ಸಮುದ್ರವನ್ನೂ ಅಲ್ಲ, ಬಾಣದ ತುದಿಯನ್ನು ನೋಡಬೇಕು.

ನಿಮ್ಮ ಮನೆಯ ಗೋಡೆಯ ಮೇಲೂ ಇಂಥ ಹಳೆಯ ಚಿತ್ರ ಇದ್ದೇ ಇರುತ್ತದೆ. ಒಮ್ಮೆ ಇಳಿಸಿ, ಒರೆಸಿ, ನೋಡಿ. ಏನು ಕಂಡಿತು ಅಂತ ಬರೆದರೆ ಓದಲು ನಾನಂತೂ ಕಾಯುತ್ತಿರುತ್ತೇನೆ.